ಬಿಸಿಲ ನಾಡಿನಲ್ಲಿ ಬಿಸಿಲು ಕಾಣದ ತಾಯಂದಿರು

ಪ್ರತಿವರ್ಷ ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಆಚರಿಸುವ ನಾವು, ಅದಕ್ಕೆ ಮುನ್ನ ಒಂಬತ್ತು ದಿನ ಶಿವಾಜಿನಗರದ ಬಸಿಲಿಕದಲ್ಲಿ ಆರೋಗ್ಯಮಾತೆಯ ಮುಂದೆ ನೆರೆಯುತ್ತೇವೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಿಂದ ಹೋಗುವ ಭಕ್ತರಲ್ಲಿ ಗರ್ಭಿಣಿಯರೂ ಇರುತ್ತಾರೆ. ಹುಟ್ಟಲಿರುವ ಮಗು ಆರೋಗ್ಯವಾಗಿರಲಿ ಎಂಬುದೇ ಅವರ ಬೇಡಿಕೆ. ಅದು ದೇವರ ಸನ್ನಿಧಿಗೆ ಸಲ್ಲಬೇಕಾದ ಬೇಡಿಕೆಯೇ ಸರಿ. ಆದರೆ ಅದರ ಒಂದು ಪಾಲು ನೆರೆಹೊರೆಯವರಾದ ನಮಗೂ ಸಲ್ಲುತ್ತದೆ.

ಕೆಲವು ತಿಂಗಳ ಹಿಂದೆ ಮನೆಗಳನ್ನು ಆಶೀರ್ವದಿಸುತ್ತಾ ಒಂದು ಬಾಡಿಗೆ ಮನೆಗೆ ಹೋಗಿದ್ದೆ. ಕಿಟಕಿಗೂ ಪಕ್ಕದ ಕಟ್ಟಡದ ಗೋಡೆಗೂ ನಡುವೆ ಮೊಳದಷ್ಟೇ ಅಂತರ. ಹಗಲಿನಲ್ಲೂ ದೀಪ ಉರಿಯುತ್ತಿತ್ತು. ಆ ಮನೆಯ ಸೊಸೆ ಏಳು ತಿಂಗಳ ಗರ್ಭಿಣಿ. “ಡಿ ವಿಟಮಿನ್ ಕಡಿಮೆ ಇದೆಯಂತೆ ಫಾದರ್, ಬಿಸಿಲಿಗೆ ಹೋಗು ಅಂತ ಡಾಕ್ಟರ್ ಹೇಳಿದ್ದಾರೆ. ತಾರಸಿಗೆ ಓನರ್ ಬೀಗ ಹಾಕಿದ್ದಾರೆ, ನಾನು ಎಲ್ಲಿಗೆ ಹೋಗಲಿ?” ಎಂದಳು. ಅತ್ತೆಯವರು ನಡುವೆ ಬಾಯಿ ಹಾಕಿ, “ಬಿಸಿಲಿಗೆ ಹೋದರೆ ಮಗು ಕಪ್ಪಗಾಗುತ್ತೆ ಫಾದರ್, ಕೇಸರಿ ಹಾಲು ಕುಡಿದರೆ ಸಾಕು” ಎಂದರು. ಒಂದು ಬೀಗ ಬಾಗಿಲಿನದು, ಇನ್ನೊಂದು ಮನಸ್ಸಿನದು.

ಡಿ ಜೀವಸತ್ವದ ವಿಶೇಷವೆಂದರೆ ಅದು ಮುಖ್ಯವಾಗಿ ಅಡುಗೆಮನೆಯಿಂದ ಬರುವುದಿಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಚರ್ಮದ ಮೇಲೆ ಬಿದ್ದಾಗ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಮತ್ತಿಯಂಥ ಕೊಬ್ಬಿನ ಮೀನು, ಮೊಟ್ಟೆಯ ಹಳದಿ ಭಾಗಗಳಲ್ಲಿ ಸ್ವಲ್ಪ ದೊರೆಯುತ್ತದೆ. ಕಾಳು, ಸೊಪ್ಪು, ಧಾನ್ಯಗಳಲ್ಲಿ ಬಹುಮಟ್ಟಿಗೆ ಇಲ್ಲ. ಅದರ ಮುಖ್ಯ ಕೆಲಸವೆಂದರೆ ನಾವು ತಿಂದ ಆಹಾರದ ಸುಣ್ಣದಂಶವನ್ನು ಕರುಳು ಹೀರಿಕೊಳ್ಳುವಂತೆ ಮಾಡುವುದು. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ನೆರೆಯಲ್ಲಿರುವ ನಮಗೆ ರಾಗಿಯ ಹಿರಿಮೆಯನ್ನು ಹೇಳಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಆದರೆ ಡಿ ಜೀವಸತ್ವದ ಕೊರತೆಯಿದ್ದರೆ ಆ ಸುಣ್ಣದಂಶದ ಬಹುಪಾಲು ದೇಹಕ್ಕೆ ದಕ್ಕುವುದಿಲ್ಲ. ಮುದ್ದೆ ಉಂಡರೂ ಮೂಳೆ ಬಡವಾಗಿರುವುದು ಹೀಗೆ.

ಗರ್ಭದಲ್ಲಿರುವ ಶಿಶು ತನ್ನ ಅಸ್ಥಿಪಂಜರಕ್ಕಾಗಿ ತಾಯಿಯಿಂದ ಸುಮಾರು 30 ಗ್ರಾಂ ಸುಣ್ಣದಂಶವನ್ನು ಪಡೆಯುತ್ತದೆ. ಅದರಲ್ಲಿ ಹೆಚ್ಚಿನದು ಕೊನೆಯ ಮೂರು ತಿಂಗಳಲ್ಲಿ. ಹುಟ್ಟುವಾಗ ಮಗುವಿನಲ್ಲಿರುವ ಡಿ ಜೀವಸತ್ವದ ದಾಸ್ತಾನು ತಾಯಿ ಕೊಟ್ಟದ್ದೇ. ತಾಯಿಯಲ್ಲಿ ತೀವ್ರ ಕೊರತೆಯಿದ್ದರೆ ನವಜಾತ ಶಿಶುವಿನ ರಕ್ತದಲ್ಲಿ ಸುಣ್ಣದಂಶ ಕುಸಿದು ಫಿಟ್ಸ್ ಬರುವ, ಮುಂದೆ ರಿಕೆಟ್ಸ್ ರೋಗದಿಂದ ಕಾಲುಗಳು ಬಾಗುವ ಅಪಾಯವಿದೆ. ಎದೆಹಾಲು ಶ್ರೇಷ್ಠವಾದರೂ ಅದರಲ್ಲಿ ಈ ಜೀವಸತ್ವ ಕಡಿಮೆ. ಆದ್ದರಿಂದಲೇ ಮಕ್ಕಳ ವೈದ್ಯರು ಶಿಶುವಿಗೆ ದಿನಕ್ಕೆ 400 ಯೂನಿಟ್‌ನಷ್ಟು ಹನಿಗಳನ್ನು ಬರೆದುಕೊಡುತ್ತಾರೆ.

ವರ್ಷವಿಡೀ ಸೂರ್ಯನಿರುವ ನಾಡಿನಲ್ಲಿ ಈ ಕೊರತೆ ಇರಲು ಸಾಧ್ಯವೇ ಎಂದು ಕೇಳುವವರಿಗೆ ಮೈಸೂರು ಉತ್ತರ ಕೊಟ್ಟಿದೆ. ಅಲ್ಲಿನ ಸಿ.ಎಸ್.ಐ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ನೂರಕ್ಕೆ 66 ಮಂದಿಗೆ ಈ ಜೀವಸತ್ವ ಸಾಲದಾಗಿತ್ತೆಂದು 2009ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಅದೇ ವರದಿ ಇನ್ನೊಂದು ಸತ್ಯವನ್ನೂ ಮುಚ್ಚಿಡಲಿಲ್ಲ: ಕೊರತೆಗೂ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಗೂ, ಹುಟ್ಟಿದ ಮಗುವಿನ ಗಾತ್ರಕ್ಕೂ ಸಂಬಂಧ ಕಂಡುಬರಲಿಲ್ಲ. ಆದರೆ ಕೊರತೆಯಿದ್ದ ತಾಯಂದಿರ ಮಕ್ಕಳಿಗೆ ಒಂಬತ್ತೂವರೆ ವರ್ಷವಾದಾಗ ತೋಳಿನ ಸ್ನಾಯು ಕಡಿಮೆಯಿದ್ದುದೂ, ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿದ್ದುದೂ 2011ರಲ್ಲಿ ಬೆಳಕಿಗೆ ಬಂದಿತು.

ಇಲ್ಲಿ ಸ್ವಲ್ಪ ತರ್ಕದ ಎಚ್ಚರ ಬೇಕು. ಎರಡು ಸಂಗತಿಗಳು ಜೊತೆಗೂಡಿ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ಕಾರಣವೇ ಆಗಿದ್ದರೂ ಅದೊಂದೇ ಸಾಕೆಂದೂ ಅರ್ಥವಲ್ಲ. ಢಾಕಾದಲ್ಲಿ 1,300 ಗರ್ಭಿಣಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಡಿ ಜೀವಸತ್ವವನ್ನು ಕೊಟ್ಟದ್ದರಿಂದ ಶಿಶುಗಳ ಬೆಳವಣಿಗೆ ಹೆಚ್ಚಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಎಲ್ಲ ಗರ್ಭಿಣಿಯರಿಗೆ ಇದನ್ನು ತಪ್ಪದೆ ಕೊಡಬೇಕೆಂದು ಹೇಳಿಲ್ಲ. ಕೊರತೆಯಿರಬಹುದೆನಿಸಿದವರಿಗೆ ದಿನಕ್ಕೆ 200 ಯೂನಿಟ್ ಕೊಡಬಹುದೆಂದಿದೆ. ನಮ್ಮ ದೇಶದ 2014ರ ಮಾರ್ಗಸೂಚಿಯಾದರೋ ನಾಲ್ಕನೆಯ ತಿಂಗಳಿನಿಂದ ಹೆರಿಗೆಯ ನಂತರದ ಆರು ತಿಂಗಳವರೆಗೆ, 500 ಮಿಲಿಗ್ರಾಂ ಸುಣ್ಣದಂಶ ಮತ್ತು 250 ಯೂನಿಟ್ ಡಿ ಜೀವಸತ್ವವುಳ್ಳ ಮಾತ್ರೆಯನ್ನು ದಿನಕ್ಕೆರಡು ಬಾರಿ ಕೊಡಲು ಹೇಳುತ್ತದೆ. ಮಾತ್ರೆ ಪವಾಡವಲ್ಲ, ಆದರೆ ನಿರ್ಲಕ್ಷಿಸತಕ್ಕದ್ದೂ ಅಲ್ಲ. ನೆರೆಮನೆಯವರು ಹೇಳಿದರೆಂದು 60,000 ಯೂನಿಟ್‌ನ ಪುಡಿಯನ್ನು ವೈದ್ಯರನ್ನು ಕೇಳದೆ ವಾರವಾರವೂ ನುಂಗುವುದು ಅಪಾಯಕರ. ಅತಿಯಾದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೆ ಕೇಡು.

ಬಿಸಿಲಿನ ವಿಚಾರದಲ್ಲೂ ತಪ್ಪು ತಿಳಿವಳಿಕೆಗಳಿವೆ. ಮುಂಜಾನೆಯ ಎಳೆಬಿಸಿಲು ಹಿತವಾದರೂ ಅದರಲ್ಲಿ ಬೇಕಾದ ಕಿರಣಗಳು ತೀರ ಕಡಿಮೆ. ಗಾಜಿನ ಕಿಟಕಿಯೊಳಗಿನ ಬಿಸಿಲಿನಿಂದ ಪ್ರಯೋಜನವಿಲ್ಲ. ಸೂರ್ಯ ಮೇಲೇರಿದ ಹೊತ್ತಿನಲ್ಲಿ, ಬೇಸಗೆಯ ಝಳದಲ್ಲಿ ಬಳಲದಂತೆ, ಮುಖ ಮತ್ತು ಕೈಗಳಿಗೆ ಸ್ವಲ್ಪ ಕಾಲ ಬಿಸಿಲು ತಾಗಬೇಕು. ಕಪ್ಪು ಚರ್ಮಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಆದರೆ ಪೀಣ್ಯ, ಯಶವಂತಪುರಗಳ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಸೋದರಿಯರಿಗೆ ಆ ಹೊತ್ತೆಲ್ಲ ಹೊಲಿಗೆ ಯಂತ್ರದ ಮುಂದೆಯೇ ಕಳೆದುಹೋಗುತ್ತದೆ. ಉಳಿಯುವುದು ಭಾನುವಾರ ಮಾತ್ರ.

ಇನ್ನು ಮೈಬಣ್ಣದ ಮಾತು. ಮಗುವಿನ ಬಣ್ಣ ತಂದೆತಾಯಿಯರ ವಂಶದಿಂದ ಬರುತ್ತದೆಯೇ ಹೊರತು ತಾಯಿ ನಿಂತ ಬಿಸಿಲಿನಿಂದಲ್ಲ, ಕುಡಿದ ಕೇಸರಿಯಿಂದಲೂ ಅಲ್ಲ. ಪ್ರತಿಯೊಬ್ಬ ಮನುಷ್ಯನೂ ದೇವರ ಪ್ರತಿರೂಪವೆಂದು ಧರ್ಮೋಪದೇಶದಲ್ಲಿ ಕಲಿಸುವ ನಾವು, ಮನೆಯಲ್ಲಿ ಬಿಳುಪಿಗೆ ಬೇರೆ ಬೆಲೆ ಕಟ್ಟುವುದು ವಿಶ್ವಾಸಕ್ಕೇ ವಿರುದ್ಧ. ಬಿಳಿಯ ಮಗುವಿನ ಆಸೆಗಾಗಿ ತಾಯಿಯನ್ನು ನೆರಳಿನಲ್ಲಿ ಕೂಡಿಹಾಕುವುದು ಅವಳ ಮೂಳೆಯನ್ನು ನಮ್ಮ ಜಂಭಕ್ಕೆ ಬಲಿ ಕೊಟ್ಟಂತೆ.

ಗರ್ಭಸ್ಥ ಶಿಶುವಿನ ಪ್ರಾಣರಕ್ಷಣೆಯ ಕುರಿತು ಧರ್ಮಸಭೆ ಗಟ್ಟಿಯಾಗಿ ಮಾತನಾಡುತ್ತದೆ, ಮಾತನಾಡಲೇಬೇಕು. ಆದರೆ ಮನುಷ್ಯನು ದೇಹವೆಂಬ ಮನೆಯಲ್ಲಿ ಬಾಡಿಗೆಗಿರುವ ಆತ್ಮವಲ್ಲ, ಆತ್ಮ ಮತ್ತು ದೇಹ ಎರಡೂ ಕೂಡಿದ ಒಂದೇ ಜೀವಿ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಹಾಗಾದರೆ ಆ ಶಿಶುವಿನ ಮೇಲಿನ ನಮ್ಮ ಕರ್ತವ್ಯ ತಾಯಿಯ ಅನ್ನ, ವಿರಾಮ, ಬಿಸಿಲುಗಳಿಂದಲೇ ಆರಂಭವಾಗಬೇಕು. ಸ್ವತಃ ಗರ್ಭಿಣಿಯಾಗಿದ್ದ ಮರಿಯಮ್ಮನವರು ಬೆಟ್ಟದ ಸೀಮೆಯ ದಾರಿ ಹಿಡಿದು ಎಲಿಜಬೇತಮ್ಮನವರ ಬಳಿಗೆ ಹೋಗಿ, ಸುಮಾರು ಮೂರು ತಿಂಗಳು ಅವರೊಡನಿದ್ದರೆಂದು ಶುಭಸಂದೇಶ ಹೇಳುತ್ತದೆ. ಬಸುರಿಯನ್ನು ಒಂಟಿಯಾಗಿ ಬಿಡಬಾರದೆಂಬ ಪಾಠ ಅಲ್ಲಿಯೇ ಇದೆ.

ಆದ್ದರಿಂದ ಮೂರು ವಿನಂತಿಗಳು. ಮಹಿಳಾ ಸಂಘದ ಸೋದರಿಯರು ತಮ್ಮ ಬೀದಿಯ ಗರ್ಭಿಣಿಯರನ್ನು ಗುರುತಿಸಿ ತಪಾಸಣೆಗೆ ಕರೆದೊಯ್ಯಲಿ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡಿದೆ. ಧರ್ಮಕೇಂದ್ರಗಳು ಭಾನುವಾರದ ಬಲಿಪೂಜೆ ಮುಗಿದೊಡನೆ ಗೇಟು ಮುಚ್ಚದೆ, ಅಂಗಳದಲ್ಲಿ ಬಸುರಿ ಬಾಣಂತಿಯರು ಬಿಸಿಲಿಗೆ ಕೂರಲು ಬೆಂಚುಗಳನ್ನು ಹಾಕಲಿ. ಮೂರನೆಯದು ನಮ್ಮಲ್ಲಿ ಮನೆಗಳನ್ನು ಬಾಡಿಗೆಗೆ ಕೊಟ್ಟಿರುವವರಿಗೆ. ನೀರಿನ ಟ್ಯಾಂಕಿನ ಕಾವಲಿಗಾಗಿ ನೀವು ಬೀಗ ಹಾಕಿರಬಹುದು, ಅದು ತಪ್ಪಲ್ಲ. ಆದರೆ ನಿಮ್ಮ ಮನೆಯಲ್ಲಿ ಒಬ್ಬ ಬಸುರಿ ಇದ್ದರೆ, ತಾರಸಿಯ ಬೀಗದ ಕೈಯನ್ನು ಅವಳ ಕೈಗೆ ಕೊಡಿ. ಸೂರ್ಯನ ಬೆಳಕಿಗೆ ದೇವರು ಬಾಡಿಗೆ ಕೇಳಿಲ್ಲ.