ಅರೆಹೊಟ್ಟೆಯ ಓಟ: ಕ್ರೀಡಾಪಟು ಬಾಲಕಿಯರ ಮನಸ್ಸಿಗೂ ಪೆಟ್ಟು

ಬಿಕರ್ನಕಟ್ಟೆ: ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಆಗಸ್ಟ್ 7ರಂದು ಕುಸ್ತಿಪಟು ವಿನೇಶ್ ಫೋಗಟ್ 100 ಗ್ರಾಂ ಹೆಚ್ಚುವರಿ ತೂಕದ ಕಾರಣ ಫೈನಲ್‌ಗೆ ಮುನ್ನ ಅನರ್ಹಗೊಂಡಾಗ ದೇಶವೆಲ್ಲ ನಿಯಮದ ಕುರಿತು ಚರ್ಚಿಸಿತು. ರಾತ್ರಿಯಿಡೀ ಅನ್ನ-ನೀರು ತೊರೆದು, ತಲೆಗೂದಲನ್ನೂ ಕತ್ತರಿಸಿ ತೂಕ ಇಳಿಸಲು ಹೆಣಗಿದ ದೇಹದ ಬಗ್ಗೆ ಅಷ್ಟು ಚರ್ಚೆ ನಡೆಯಲಿಲ್ಲ.

ಬಿಕರ್ನಕಟ್ಟೆ, ಕುಲಶೇಖರ ಪರಿಸರದಿಂದ ಮಂಗಳಾ ಕ್ರೀಡಾಂಗಣಕ್ಕೆ ಓಟದ ಅಭ್ಯಾಸಕ್ಕೆ ತೆರಳುವ ಬಾಲಕಿಗೆ ಅಂಥ ತಕ್ಕಡಿ ಎದುರಾಗುವುದಿಲ್ಲ. ಆದರೆ ಮುಂಜಾನೆ ಬರಿಹೊಟ್ಟೆಯಲ್ಲಿ ಓಡಿ, ಅಲ್ಲಿಂದಲೇ ತರಗತಿಗೆ ಧಾವಿಸಿ, ಸಂಜೆ ಮತ್ತೆ ಅಂಕಣಕ್ಕಿಳಿಯುವ ದಿನಚರಿಯಲ್ಲಿ ಊಟ ತಾನಾಗಿಯೇ ಕಡಿಮೆಯಾಗುತ್ತದೆ. ‘ಸಣ್ಣಗಾದಷ್ಟೂ ವೇಗ’ ಎಂಬ ಮಾತು ಕಿವಿಗೆ ಬಿದ್ದರಂತೂ ಅದು ವ್ರತವೇ ಆಗಿಬಿಡುತ್ತದೆ.

ಲೆಕ್ಕ ಸರಳ. 50 ಕಿಲೋ ತೂಕದ ಬಾಲಕಿಯೊಬ್ಬಳ ದೇಹದಲ್ಲಿ ಕೊಬ್ಬನ್ನು ಕಳೆದರೆ ಉಳಿಯುವುದು 40 ಕಿಲೋ ಎಂದಿಟ್ಟುಕೊಳ್ಳೋಣ. ಈ 40ರ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 45 ಕ್ಯಾಲರಿಯಂತೆ 1,800 ಕ್ಯಾಲರಿ ದೇಹದ ನಿತ್ಯದ ಕೆಲಸಗಳಿಗೇ ಬೇಕೆನ್ನುತ್ತದೆ ಕ್ರೀಡಾ ವೈದ್ಯಶಾಸ್ತ್ರ. ಓಟಕ್ಕೆ 600 ವ್ಯಯವಾದರೆ ಆಕೆ ಉಣ್ಣಬೇಕಾದದ್ದು 2,400. ದೇಹಕ್ಕೆ ಉಳಿಯುವ ಪಾಲು ಕಿಲೋಗೆ 30ಕ್ಕಿಂತ ಕೆಳಗಿಳಿದು ಹಾಗೆಯೇ ಮುಂದುವರಿದರೆ ಹಾರ್ಮೋನುಗಳ ವ್ಯವಸ್ಥೆ ಕೆಡತೊಡಗುತ್ತದೆ, ಮುಟ್ಟು ಏರುಪೇರಾಗುತ್ತದೆ.

ಮನಸ್ಸಿಗೆ ಬೀಳುವ ಪೆಟ್ಟು ಮಾತ್ರ ಹೊಟ್ಟೆಯ ಲೆಕ್ಕಕ್ಕೆ ಸೇರುವುದೇ ಇಲ್ಲ. ಸಿಡುಕು, ಅಳು, ನಿದ್ರಾಹೀನತೆ, ಅಭ್ಯಾಸದಲ್ಲಿ ಅನಾಸಕ್ತಿ ಕಂಡರೆ ತರಬೇತುದಾರರು ಸೋಮಾರಿತನವೆಂದೂ ಮನೆಯವರು ವಯಸ್ಸಿನ ಹಠವೆಂದೂ ತಿಳಿಯುವುದೇ ಹೆಚ್ಚು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ 1944-45ರಲ್ಲಿ 36 ಮಂದಿ ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ನೀಡಿ ಪರೀಕ್ಷಿಸಿದಾಗ ಅವರೂ ಖಿನ್ನರಾದರು, ಸಿಡುಕಿದರು, ಹಗಲಿರುಳು ಆಹಾರವನ್ನೇ ಧ್ಯಾನಿಸಿದರು. ಗಂಡಸರಲ್ಲಿ ಕಂಡಾಗ ಹಸಿವು ಎನಿಸಿದ್ದು ಬಾಲಕಿಯಲ್ಲಿ ಕಂಡಾಗ ಸ್ವಭಾವದೋಷ ಎನಿಸುವುದು ವಿಚಿತ್ರ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ‘ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಕೊರತೆ’ ಎಂದು ಹೆಸರಿಟ್ಟಿತು. ಮನೋವೇದನೆ ಇದರ ಫಲವೂ ಹೌದು, ಕೆಲವೊಮ್ಮೆ ಕಾರಣವೂ ಹೌದು.

ಕಾರಣವಾಗುವುದು ಕನ್ನಡಿಯ ಮೂಲಕ. ಮೈದಾನದಲ್ಲಿ ‘ತೂಕ ಹೆಚ್ಚಾಯಿತು’ ಎನಿಸಿಕೊಂಡ ಹುಡುಗಿಯೇ ಮದುವೆಮನೆಯಲ್ಲಿ ‘ಬಿಸಿಲಿಗೆ ಕಪ್ಪಾದಳು, ಭುಜ ಗಂಡುಮಕ್ಕಳಂತಾಯಿತು’ ಎಂಬ ಮಾತನ್ನೂ ಕೇಳಬೇಕು. ಎಸೆತಕ್ಕೆ, ಜಿಗಿತಕ್ಕೆ ಬೇಕಾದ ಸ್ನಾಯುವೇ ಅವಳಿಗೆ ನಾಚಿಕೆಯ ವಸ್ತುವಾಗುತ್ತದೆ. ಇಬ್ಬರನ್ನೂ ಮೆಚ್ಚಿಸಲು ಅವಳ ಕೈಯಲ್ಲಿರುವ ಒಂದೇ ಉಪಾಯವೆಂದರೆ ತಟ್ಟೆಯನ್ನು ಬದಿಗೆ ಸರಿಸುವುದು.

ಇದರ ಮೇಲೆ ರಕ್ತಹೀನತೆ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48 ಮಂದಿ ರಕ್ತಹೀನರು. ಕಬ್ಬಿಣಾಂಶದ ಕೊರತೆಯೂ ದಣಿವು, ಮಂಕುತನಗಳನ್ನೇ ತರುವುದರಿಂದ ಯಾವುದು ಯಾವುದರ ಲಕ್ಷಣವೆಂದು ರಕ್ತಪರೀಕ್ಷೆಯಿಲ್ಲದೆ ಹೇಳಲಾಗದು.

ಏಷ್ಯನ್ ಕ್ರೀಡಾಕೂಟದ 4x400 ಮೀ. ರಿಲೇಯಲ್ಲಿ 2014 ಮತ್ತು 2018ರಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದ ಎಂ.ಆರ್. ಪೂವಮ್ಮ, 2012ರಲ್ಲಿ ಎತ್ತರ ಜಿಗಿತದಲ್ಲಿ 1.92 ಮೀ. ದಾಟಿದ ಸಹನಾ ಕುಮಾರಿ ಅವರಂತಹವರನ್ನು ಕಂಡ ಕರಾವಳಿಯಲ್ಲಿ ದುಬಾರಿ ಪುಡಿಡಬ್ಬಗಳ ಅಗತ್ಯವೇನೂ ಇಲ್ಲ. ಕುಚ್ಚಲಕ್ಕಿ ಗಂಜಿ, ಹೆಸರು, ಹುರುಳಿ, ಬೂತಾಯಿ, ಬಂಗುಡೆ, ಮೊಟ್ಟೆ ಇಲ್ಲಿನ ಅಡುಗೆಮನೆಗೆ ಹೊಸತಲ್ಲ. ಅಭ್ಯಾಸಕ್ಕೆ ಮುನ್ನ ಎರಡು ಬಾಳೆಹಣ್ಣು, ಮುಗಿದ ಕೂಡಲೇ ತಿಂಡಿಯ ಡಬ್ಬ ಸಿಕ್ಕರೆ ಕೊರತೆಯ ದೊಡ್ಡ ಪಾಲು ತುಂಬುತ್ತದೆ.

ಕಠಿಣವಾಗಿರುವುದು ಬೇರೆಯೇ. ಸತತ ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರನ್ನು ಕಾಣಬೇಕು. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ ಕಳೆದುಕೊಂಡದ್ದು ಮುಂದೆ ಪೂರ್ಣವಾಗಿ ಮರಳದಿರಬಹುದು. ನಗರದಲ್ಲಿ ಸರಕಾರಿ ಲೇಡಿಗೋಷನ್ ಆಸ್ಪತ್ರೆಯೇ ಇದೆ. ಆದರೆ ಮದುವೆಯಾಗದ ಮಗಳನ್ನು ಹೆರಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದರೆ ನೋಡಿದವರು ಏನೆಂದಾರು ಎಂಬ ಅಳುಕಿಗೆ ಅನೇಕ ತಾಯಂದಿರು ಇನ್ನೊಂದು ತಿಂಗಳು ನೋಡೋಣ ಎನ್ನುತ್ತಾರೆ. ತರಬೇತುದಾರರು ಗಂಡಸರಾದರೆ ಹುಡುಗಿ ಅವರಿಗೂ ಹೇಳುವುದಿಲ್ಲ.