ಸುಮ್ಮನಿರುವ ಎದುರಾಳಿ

ಪೋಕರ್ ಪಂದ್ಯದಲ್ಲಿ ಒಬ್ಬೊಬ್ಬರಾಗಿ ಉಳಿದವರೆಲ್ಲ ಸೋತು ಎದ್ದುಹೋದ ಮೇಲೆ ಮೇಜಿನ ಬಳಿ ಇಬ್ಬರೇ ಉಳಿಯುತ್ತಾರೆ. ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬನ ಕೈಯಲ್ಲಿ ಎರಡು ಗುಪ್ತ ಎಲೆಗಳು. ನಡುವೆ ಇಬ್ಬರಿಗೂ ಸಲ್ಲುವ ಐದು ಎಲೆಗಳು. ಮೊದಲು ಮೂರು ತೆರೆಯುತ್ತವೆ, ಅನಂತರ ಒಂದು, ಕಡೆಗೆ ಮತ್ತೊಂದು. ಪಣವನ್ನು ಒಡ್ಡಬಹುದು, ಸರಿಗಟ್ಟಬಹುದು, ಏರಿಸಬಹುದು. ಒಲ್ಲದವನು ಎಲೆಗಳನ್ನು ಕೆಳಗಿಟ್ಟು ಆ ಸುತ್ತನ್ನು ಬಿಟ್ಟುಕೊಡಬಹುದು.

ಅಬ್ಬರಿಸುವವನನ್ನು ಅಳೆಯುವುದು ಸುಲಭ. ತಾನಾಗಿ ಪಣ ಏರಿಸದೆ, ಬಿಟ್ಟುಕೊಡಲೂ ಒಪ್ಪದೆ, ಸುಮ್ಮನೆ ಸರಿಗಟ್ಟುತ್ತ ಕುಳಿತವನ ಎದುರು ಅನೇಕರು ತಾಳ್ಮೆಗೆಡುತ್ತಾರೆ. ಬರಿಗೈಯಲ್ಲಿ ದೊಡ್ಡ ಪಣ ಒಡ್ಡಿ ಅವನನ್ನು ಬೆದರಿಸಲು ಹೊರಡುತ್ತಾರೆ. ಅದು ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ. ನಡುವೆ 100 ಬಿಲ್ಲೆಗಳಿರುವಾಗ 100 ಒಡ್ಡಿ ಬೆದರಿಸಿದರೆ, ಅವನು ಎರಡರಲ್ಲೊಂದು ಸಲವಾದರೂ ಹಿಂಜರಿದರೆ ಮಾತ್ರ ನಷ್ಟ ತಪ್ಪುತ್ತದೆ. ನೂರರಲ್ಲಿ 30 ಸಲವಷ್ಟೇ ಹಿಂಜರಿಯುವವನಾದರೆ ಬಂದದ್ದು 3,000, ಹೋದದ್ದು 7,000.

ಇಂಥವನೊಡನೆ ಆಡುವ ಮಾರ್ಗ ನೇರವಾದುದು. ಒಳ್ಳೆಯ ಎಲೆ ಬಂದಾಗ ಸಂಕೋಚವಿಲ್ಲದೆ ಪಣ ಒಡ್ಡಬೇಕು; ದುರ್ಬಲ ಎಲೆ ಹಿಡಿದು ಅವನೇ ಸರಿಗಟ್ಟುತ್ತಾನೆ. ಎಲೆ ಕೆಟ್ಟಾಗ ಬೆದರಿಕೆಗೆ ಕೈಹಾಕಬಾರದು. ಎಂದೂ ಏರಿಸದವನು ಒಂದು ದಿನ ಏರಿಸಿದನೆಂದರೆ ಬಹುಮಟ್ಟಿಗೆ ಅದು ನಿಜವಾದ ಬಲ. ಅಲ್ಲಿ ಹಿಂದೆ ಸರಿಯುವುದೇ ಜಾಣತನ.

ಆದರೆ ಎಲ್ಲ ಮೌನವೂ ಅಂಜಿಕೆಯದಲ್ಲ. 1988ರಲ್ಲಿ ಲಾಸ್ ವೇಗಾಸಿನ ಬಿನಿಯನ್ಸ್ ಹಾರ್ಸ್‌ಷೂದಲ್ಲಿ ನಡೆದ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯದಲ್ಲಿ, ಹಿಂದಿನ ವರ್ಷದ ವಿಜೇತ ಜಾನಿ ಚಾನ್ ಮತ್ತು 28ರ ಹರೆಯದ ಎರಿಕ್ ಸೈಡೆಲ್ ಕಡೆಯಲ್ಲಿ ಉಳಿದರು. ಮೊದಲ ಮೂರು ಎಲೆಗಳು ತೆರೆದವು: ರಾಣಿ, ಹತ್ತು, ಎಂಟು. ಸೈಡೆಲ್‌ನ ಕೈಯಲ್ಲಿ ರಾಣಿ ಮತ್ತು ಏಳು. ರಾಣಿಯರ ಜೋಡಿ ಕೂಡಿತು. ಚಾನ್‌ನ ಕೈಯಲ್ಲಿದ್ದುವು ಗುಲಾಮ ಮತ್ತು ಒಂಬತ್ತು. ಎಂಟರಿಂದ ರಾಣಿಯವರೆಗೆ ಐದೆಲೆಗಳ ಸಾಲು ಪೂರ್ಣವಾಗಿತ್ತು. ಆಗ ಅದನ್ನು ಮೀರುವ ಎಲೆಗಳೇ ಇರಲಿಲ್ಲ. ಚಾನ್ ಹಿಗ್ಗನ್ನಾಗಲಿ ಆತುರವನ್ನಾಗಲಿ ತೋರಲಿಲ್ಲ. ಅನಂತರ ಬಂದ ಎರಡು ಮತ್ತು ಆರು ಸೈಡೆಲ್‌ಗೆ ನೆರವಾಗಲಿಲ್ಲ. ಎದುರಿನ ಶಾಂತಿಯಲ್ಲಿ ದೌರ್ಬಲ್ಯವನ್ನು ಕಂಡ ಆತ ಕಡೆಯ ಎಲೆಯ ಮೇಲೆ ತನ್ನ ಸರ್ವಸ್ವವನ್ನೂ ಒಡ್ಡಿದ. ಚಾನ್ ತಡಮಾಡದೆ ಸರಿಗಟ್ಟಿದ. 7,00,000 ಡಾಲರುಗಳ ಬಹುಮಾನ ಅವನದಾಯಿತು.

ಹಾಗಾದರೆ ನಿಜವಾದ ಮೆತ್ತನೆಯವನನ್ನೂ ಹೊಂಚುಗಾರನನ್ನೂ ಬೇರ್ಪಡಿಸುವುದು ಹೇಗೆ? ಸುತ್ತು ಮುಗಿದು ಎಲೆ ಬಿಚ್ಚಿದಾಗ ನೋಡಬೇಕು. ಸರಿಗಟ್ಟಿದವನ ಕೈಯಲ್ಲಿ ಮತ್ತೆ ಮತ್ತೆ ಸಣ್ಣ ಜೋಡಿಗಳೇ ಕಂಡರೆ ಅದು ಅವನ ಸ್ವಭಾವ. ಒಮ್ಮೆಯಾದರೂ ಬಲವಾದ ಎಲೆಗಳನ್ನು ಬಚ್ಚಿಟ್ಟು ಕಾದಿದ್ದನೆಂದು ತಿಳಿದರೆ ಎಚ್ಚರ ಬೇಕು. ಗೆದ್ದ ಗಡಿಬಿಡಿಯಲ್ಲಿ ಎದುರಾಳಿಯ ಎಲೆಯನ್ನು ನೋಡದೆ ಬಿಡುವವನು ಮುಂದಿನ ಸುತ್ತಿಗೆ ಕುರುಡನಾಗಿಯೇ ಹೋಗುತ್ತಾನೆ.

ಸೈಡೆಲ್ ಸೋತು ಆಟ ಬಿಡಲಿಲ್ಲ. 2023ರ ವೇಳೆಗೆ ಅದೇ ಸರಣಿಯ ಹತ್ತು ಕಂಕಣಗಳು ಅವನ ಪಾಲಾಗಿದ್ದುವು.