ಕೂಲಿಯ ವಾಚನ ಬಂದ ಭಾನುವಾರ



ಭಾನುವಾರದ ವಾಚನಗಳನ್ನು ಆರಿಸುವವರು ನಾವಲ್ಲ. ಕಥೋಲಿಕ ಸಭೆಯಲ್ಲಿ 1969ರಿಂದ ಅವು ಮೂರು ವರ್ಷಗಳ ಸರದಿಯಲ್ಲಿ ಬರುತ್ತವೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಒಂದು ವರ್ಷ ಮತ್ತಾಯನ ದ್ರಾಕ್ಷಿತೋಟದ ಕೂಲಿಯಾಳುಗಳು. ಮರುವರ್ಷ ಕೂಲಿ ಹಿಡಿದಿಟ್ಟ ಧನಿಕರಿಗೆ ಯಕೋಬನ ಎಚ್ಚರಿಕೆ. ಮೂರನೆಯ ವರ್ಷ ಕಳ್ಳತಕ್ಕಡಿಯ ವಿರುದ್ಧ ಆಮೋಸನ ಗುಡುಗು.

ವಾಲ್ಪಾರೈಯ ಚಹಾತೋಟಗಳಲ್ಲಿ ಎಲೆ ಕಿತ್ತು ತೂಕಕ್ಕಿಡುವವರಿಗೆ ಇವು ದೂರದ ಮಾತುಗಳೇ? ಆದರೂ ಎಷ್ಟೋ ಪ್ರಸಂಗಗಳು ಕೂಲಿಯನ್ನು ದಾಟಿ ನೇರವಾಗಿ ಸ್ವರ್ಗಕ್ಕೆ ಹೋಗಿಬಿಡುತ್ತವೆ.

ಪ್ರಸಂಗ ಮಾಡುವ ನಾವು ಸೋಮವಾರವೇ ವಾಚನವನ್ನು ಓದೋಣ. ವಾರದೊಳಗೆ ಲೈನ್ ಮನೆಗಳಲ್ಲಿ ಅದನ್ನೇ ಓದಿ, ಜನರ ಮಾತನ್ನು ಕೇಳೋಣ. ಶನಿವಾರ ಬರೆಯೋಣ. ಕೆಲಸಕ್ಕಾಗಿ ಸಂಜೆಯವರೆಗೆ ಕಾದು ನಿಂತವನ ಪಾಡು ದಿನಗೂಲಿಯವರಿಗೆ ಗೊತ್ತು.

ಸರದಿಯಲ್ಲಿ ಬಂದ ವಾಕ್ಯವನ್ನು ಧಣಿಗಳ ಮುಖ ನೋಡಿ ಮೆದುಮಾಡುವ ಅಧಿಕಾರ ನಮಗಿಲ್ಲ.